ಮನೆಗೆ ಬೀಗ ಹಾಕಿ ಹೊರಡೋಕೆ ಇಪ್ಪತ್ತೊಂದು ತಿಂಗಳು

ಕಾಶಿಯ ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ, ತಿಂಗಳ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮೇಲೆ ತಾರಸಿಯಲ್ಲಿ ನಮ್ಮ ಮನೆಯವರು ಪಂಚೆ ಒಣಗಿಸುತ್ತಾ ಕೋತಿಗಳ ಜೊತೆ ಜಗಳಕ್ಕೆ ನಿಂತಿದ್ದಾರೆ. ಮೈಸೂರಿನ ಕುವೆಂಪುನಗರದಿಂದ ಇಲ್ಲಿಗೆ ಬರೋದು ಒಂದು ರೈಲಿನ ಮಾತು. ಆ ರೈಲು ಹತ್ತೋ ಹಾಗೆ ಆಗೋಕೆ ನಮಗೆ ಇಪ್ಪತ್ತೊಂದು ತಿಂಗಳು ಹಿಡಿಯಿತು.

ರಿಟೈರ್ ಆದಮೇಲೆ ಗಂಡ ಹೆಂಡತಿ ಊರೂರು ಸುತ್ತಿಕೊಂಡು ಇದ್ದುಬಿಡ್ತೀವಿ ಅನ್ನುವವರು ನಮ್ಮ ಸ್ಟಾಫ್ ರೂಮಿನಲ್ಲೇ ನಾಲ್ಕು ಜನ ಇದ್ದರು. ಹೊರಟವರು ನಾವು ಮಾತ್ರ. ಈಗ ಅವರೆಲ್ಲ ಫೋನ್ ಮಾಡಿ ‘ಏನೇನು ಮಾಡಿದ್ರಿ, ಹೇಗೆ ಮಾಡಿದ್ರಿ’ ಅಂತ ಕೇಳುತ್ತಾರೆ. ತುಂಡು ತುಂಡಾಗಿ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ಮನೆ ಮೈಸೂರು, ಶಾಲೆ ಮಂಡ್ಯ. ಇಪ್ಪತ್ತೆರಡು ವರ್ಷ ಅದೇ ಪ್ಯಾಸೆಂಜರ್ ರೈಲು: ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಬ್ಯಾಡರಹಳ್ಳಿ, ಯಲಿಯೂರು, ಮಂಡ್ಯ. ಗಂಗೆಯ ಉಪನದಿಗಳನ್ನು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು, ಗಂಗೆ ಇರಲಿ, ತುಂಗಭದ್ರೆಯನ್ನೂ ದಾಟಿರಲಿಲ್ಲ. ನಮ್ಮ ಮನೆಯವರು ಸಾರಿಗೆ ನಿಗಮದ ಡಿಪೋದಲ್ಲಿ ಮೆಕ್ಯಾನಿಕ್. ಮೂವತ್ತನಾಲ್ಕು ವರ್ಷ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡಿದವರು. ಬೇರೆಯವರು ಹೋಗಿಬಂದ ಊರುಗಳ ಧೂಳು ಒರೆಸಿಯೇ ಇವರ ಸರ್ವಿಸ್ ಮುಗಿಯಿತು.

ಅವರು 2021ರಲ್ಲಿ ನಿವೃತ್ತರಾದರು, ನಾನು 2024ರ ಮೇ 31ಕ್ಕೆ. ಪಿಂಚಣಿ ಕಾಗದ ಕೈಸೇರಲು ಆಗಸ್ಟ್ ಆಯಿತು, ಗ್ರ್ಯಾಚುಯಿಟಿಗೆ ಸೆಪ್ಟೆಂಬರ್. ಆ ವರ್ಷದ ದಸರೆಯಲ್ಲಿ ದೀಪಾಲಂಕಾರ ನೋಡಿಕೊಂಡು ಬರುವಾಗ, ಕೆ.ಆರ್. ಸರ್ಕಲ್ಲಿನ ಜನಜಂಗುಳಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಇವರು ‘ಮುಂದಿನ ದಸರಾಗೆ ನಾವಿಲ್ಲಿ ಇರಬಾರದು ಕಣೇ’ ಅಂದರು. ಶುರುವಾದದ್ದು ಹಾಗೆ. ಮುಂದಿನ ದಸರೆಗೂ ಅಲ್ಲೇ ಇದ್ದೆವು, ಅದು ಬೇರೆ ಮಾತು.

ಇವರ ಮೊದಲ ಯೋಜನೆ ವ್ಯಾನ್. ಹಳೇ ಟೆಂಪೋ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ, ಒಲೆ, ನೀರಿನ ಡ್ರಮ್ಮು ಕೂರಿಸೋದು. ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದೂ ಬರೆದೂ ಆರು ಪುಟ ತುಂಬಿಸಿದ್ದರು. ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ, ಅನುಮತಿ ಬೇಕು, ವಿಮೆಯವರಿಗೂ ತಿಳಿಸಬೇಕು. ಅದನ್ನೂ ಮಾಡಿಸೋಣ ಅಂದರು. ನಾನು ಒಂದೇ ಮಾತು ಕೇಳಿದೆ: ‘ಮೂವತ್ತನಾಲ್ಕು ವರ್ಷ ಗಾಡಿ ಕೆಳಗೆ ಮಲಗಿದ್ದು ಸಾಲದೇನ್ರೀ? ಹಿಮಾಲಯದಲ್ಲೂ ಹೋಗಿ ಮಲಗಬೇಕಾ?’ ನೋಟ್‌ಬುಕ್ ಮುಚ್ಚಿದರು. ಅದರ ಹಿಂಬದಿ ಪುಟಗಳಲ್ಲೇ ಆಮೇಲೆ ನಮ್ಮ ಖರ್ಚಿನ ಲೆಕ್ಕ ಬರೆದದ್ದು. ಕೊನೆಗೆ ತೀರ್ಮಾನವಾಗಿದ್ದು ಹೀಗೆ: ಗಾಡಿ ಬೇಡ, ಟೂರ್ ಪ್ಯಾಕೇಜೂ ಬೇಡ. ಒಂದು ಊರಿಗೆ ಹೋಗೋದು, ತಿಂಗಳ ಬಾಡಿಗೆಗೆ ಕೋಣೆ ಹಿಡಿಯೋದು, ಅಲ್ಲೇ ತರಕಾರಿ ತಂದು ಅಡುಗೆ ಮಾಡಿಕೊಂಡು ಇರೋದು. ಆಮೇಲೆ ಮುಂದಿನ ಊರು.

ಮನೆಯಲ್ಲಿ ಹೇಳಿದಾಗ ಎರಡು ಕಡೆಯಿಂದ ಏಟು ಬಿತ್ತು. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಮೈದುನನ ಜೊತೆ ಇರುವ ನಮ್ಮತ್ತೆಗೆ ಎಂಬತ್ತನಾಲ್ಕು. ಜಗಲಿ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, ಎಲೆಗೆ ಸುಣ್ಣ ಹಚ್ಚುತ್ತಾ ‘ಇರೋ ಮನೆ ಬುಟ್ಬುಟ್ಟು ಎಲ್ಲೋದೀರವ್ವಾ? ನಾನು ಸತ್ರೆ ಮಣ್ಣಿಗಾದ್ರೂ ಬಂದೀರೋ ಇಲ್ವೋ?’ ಅಂದರು. ಇವರು ಎದ್ದು ಕೊಟ್ಟಿಗೆ ಕಡೆ ಹೋದವರು ಅರ್ಧ ಗಂಟೆ ಬರಲಿಲ್ಲ.

ಬೆಂಗಳೂರಿನ ಮಗಳದು ಇನ್ನೊಂದು ಲೆಕ್ಕ. ಮೊಮ್ಮಗನಿಗೆ ಮೂರು ವರ್ಷ, ಇಬ್ಬರೂ ಕೆಲಸಕ್ಕೆ ಹೋಗುವವರು. ನಾನು ರಿಟೈರ್ ಆಗೋದನ್ನು ನನಗಿಂತ ಹೆಚ್ಚಾಗಿ ಕಾದಿದ್ದವಳು ಅವಳು. ‘ಎಲ್ಲರ ಮನೇಲೂ ಅಜ್ಜಿ ತಾತ ಮಗು ನೋಡ್ಕೋತಾರೆ, ನೀವು ಮಾತ್ರ ದೇಶ ನೋಡೋಕೆ ಹೋಗ್ತೀರಾ’ ಅಂದಳು. ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರ ಇಲ್ಲ. ಆರು ತಿಂಗಳು ಅವಳ ಮನೆಯಲ್ಲಿದ್ದು ಮಗುವನ್ನು ಪ್ಲೇ ಹೋಮಿಗೆ ಹೊಂದಿಸಿ ಬಂದೆ. ಬೇಸಿಗೆ ರಜೆಗೆ ಅವರು ನಾವಿದ್ದಲ್ಲಿಗೆ ಬರಬೇಕೆಂದು ಮಾತಾಗಿದೆ. ಅವಳ ಮುನಿಸು ಪೂರಾ ಇಳಿದಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಓದಿದವರಿಗೆ ಮೋಸ ಮಾಡಿದ ಹಾಗೆ.

ಅತ್ತೆಯ ಮಾತಿನಿಂದ ಒಂದು ಕಾಯಿದೆ ಹುಟ್ಟಿತು. ಎಲ್ಲೇ ಇದ್ದರೂ ಇಪ್ಪತ್ತನಾಲ್ಕು ಗಂಟೆಯೊಳಗೆ ಪಾಂಡವಪುರ ಮುಟ್ಟುವ ಹಾಗಿರಬೇಕು. ವಿಮಾನದ ಟಿಕೆಟ್ಟಿಗೆಂದೇ ಮೂವತ್ತು ಸಾವಿರ ಬೇರೆ ಖಾತೆಯಲ್ಲಿ ಇಟ್ಟೆವು, ಅದನ್ನು ಬೇರೆ ಯಾವುದಕ್ಕೂ ಮುಟ್ಟೋ ಹಾಗಿಲ್ಲ. ಈ ಕಾಯಿದೆಯಿಂದ ನಕಾಶೆಯಲ್ಲಿ ನಾನು ಗುರುತು ಹಾಕಿದ್ದ ಅರ್ಧ ಊರುಗಳು ಉದುರಿದವು. ಅರುಣಾಚಲದ ತವಾಂಗ್ ಹೋಯಿತು. ಅಲ್ಲಿಗೆ ಹೋಗೋಕೆ ಬೇಕಾದ ಸರ್ಕಾರಿ ಅನುಮತಿ, ಇನ್ನರ್ ಲೈನ್ ಪರ್ಮಿಟ್, ಮಾಡಿಸೋದು ಕಷ್ಟವಲ್ಲ, ಆದರೆ ಘಟ್ಟ ಇಳಿದು ವಿಮಾನ ನಿಲ್ದಾಣ ಸೇರೋಕೇ ಒಂದು ದಿನ ಬೇಕು. ಭೂತಾನ್ ಉದುರಿದ್ದು ದುಡ್ಡಿನಿಂದ. ಭಾರತೀಯರಿಗೂ ತಲೆಗೆ ರಾತ್ರಿಗೆ 1,200 ರೂಪಾಯಿ ಶುಲ್ಕ ಇದೆ. ಇಬ್ಬರಿಗೆ ತಿಂಗಳಿಗೆ ಎಪ್ಪತ್ತೆರಡು ಸಾವಿರ, ಊಟ ವಸತಿ ಬಿಟ್ಟು. ಎರಡು ದಿನ ನೋಡಿಕೊಂಡು ಬರುವವರಿಗೆ ಸರಿ, ನಮ್ಮಂಥವರಿಗೆ ಆಗದು.

ದುಡ್ಡಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಕಮ್ಯುಟೇಶನ್ (ಪಿಂಚಣಿಯ ಒಂದು ಪಾಲನ್ನು ಮೊದಲೇ ಇಡಿಗಂಟಾಗಿ ಪಡೆಯೋದು) ಕಳೆದು ನನ್ನ ಪಿಂಚಣಿ ಮೂವತ್ತೆಂಟು ಸಾವಿರ. ಇವರದು ಇಪಿಎಸ್, ಅಂದರೆ ಭವಿಷ್ಯ ನಿಧಿಯವರು ಕೊಡುವ ಪಿಂಚಣಿ, ಮೂವತ್ತನಾಲ್ಕು ವರ್ಷ ದುಡಿದವರಿಗೆ ತಿಂಗಳಿಗೆ ನಾಲ್ಕು ಸಾವಿರದ ನೂರು. ನನಗೆ ಬಂದ ದುಡ್ಡಿನಲ್ಲಿ ಹದಿನೈದು ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆ. ಶೇ. 8.2 ಬಡ್ಡಿ, ಮೂರು ತಿಂಗಳಿಗೊಮ್ಮೆ 30,750. ಒಬ್ಬರು 30 ಲಕ್ಷದವರೆಗೆ ಹಾಕಬಹುದು, ಅಷ್ಟಿದ್ದರೆ. ಇದಕ್ಕೆ ಮನೆ ಬಾಡಿಗೆ ಸೇರಿ ತಿಂಗಳಿಗೆ ಅರವತ್ತಾರು ಸಾವಿರದ ಆಸುಪಾಸು. ಐವತ್ತರೊಳಗೆ ಬದುಕಬೇಕು, ಉಳಿದದ್ದು ಆಪತ್ತಿಗೆ ಅಂತ ಲೆಕ್ಕ. ಇಪಿಎಸ್ ಪಿಂಚಣಿದಾರರಿಗೆ ಒಂದು ಒಳ್ಳೇದಾಗಿದೆ: 2025ರ ಜನವರಿಯಿಂದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಿಂಚಣಿ ಪಡೆಯಬಹುದು, ಊರು ಬದಲಾದರೆ ಕಾಗದ ವರ್ಗ ಮಾಡಿಸುವ ಕಾಟ ಇಲ್ಲ.

ಇನ್ನು ‘ಅಮ್ಮ’ನ ಕಥೆ.

1980ರ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಕೊನೆಗೆ ಒಂದು ‘ಅಮ್ಮ’ ಇದೆ. ಸರ್ವಿಸ್ ರಿಜಿಸ್ಟರಿನಲ್ಲೂ ಪಿಂಚಣಿ ಕಾಗದದಲ್ಲೂ ಅದು ಹಾಗೇ ಬಂದಿದೆ. ಆಧಾರ್ ಮಾಡಿಸುವಾಗ ಸ್ಟೈಲಾಗಿರಲಿ ಎಂದೋ, ಕಂಪ್ಯೂಟರಿನ ಹುಡುಗ ಅವಸರ ಮಾಡಿದನೋ, ‘ಅಮ್ಮ’ ಬಿದ್ದುಹೋಯಿತು. ಪ್ಯಾನ್ ಕಾರ್ಡಿನಲ್ಲಿ ‘ಅಮ್ಮ’ ಇಲ್ಲ, ಇನಿಷಿಯಲ್ ಹಿಂದೆ ಮುಂದಾಗಿದೆ. ಬ್ಯಾಂಕಿನಲ್ಲಿ ಮೂರನೇ ನಮೂನೆ. ಮೈಸೂರಿನಲ್ಲೇ ಕೂತಿದ್ದರೆ ಇದರಿಂದ ಏನೂ ತೊಂದರೆ ಇರಲಿಲ್ಲ. ಬ್ಯಾಂಕಿನವರಿಗೆ ಮುಖ ಗೊತ್ತು, ‘ಮೇಡಂ ಬನ್ನಿ’ ಅನ್ನುತ್ತಾರೆ. ಹೊರಟವರಿಗೆ ಮುಖ ಉಪಯೋಗಕ್ಕೆ ಬರಲ್ಲ, ಕಾಗದವೇ ಮುಖ.

ಆಧಾರ್ ಕೇಂದ್ರಕ್ಕೆ ಅಂಕಪಟ್ಟಿ ಹಿಡಿದುಕೊಂಡು ಹೋದೆ. ಐವತ್ತು ರೂಪಾಯಿ ಕಟ್ಟಿಸಿಕೊಂಡರು, ಹದಿನೈದು ದಿನ ಬಿಟ್ಟು ತಿರಸ್ಕಾರವಾಗಿದೆ ಎಂದು ಮೆಸೇಜ್ ಬಂತು. ನಲವತ್ತೈದು ವರ್ಷದ ಹಿಂದಿನ ಅಂಕಪಟ್ಟಿಯಲ್ಲಿ ಫೋಟೊ ಎಲ್ಲಿಂದ ಬರಬೇಕು? ಎರಡನೇ ಸಲ ಫೋಟೊ ಇರುವ ಪಿಂಚಣಿ ಕಾಗದ ಒಯ್ದೆ, ಆಯಿತು. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಕಾಗುಣಿತ ನೋಡಿ, ಮತ್ತೊಮ್ಮೆ ನೋಡಿ ಸಹಿ ಹಾಕಿ. ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕು, ಅಂಚೆ ಕಚೇರಿ, ಗ್ಯಾಸು. ಜನವರಿಯಲ್ಲಿ ಹಿಡಿದ ಕೆಲಸ ಮೇ ಮೊದಲ ವಾರಕ್ಕೆ ಮುಗಿಯಿತು. ನನ್ನ ಸಲಹೆ ಇಷ್ಟೇ: ಪಿಂಚಣಿ ಕಾಗದದಲ್ಲಿ ಹೇಗಿದೆಯೋ ಅದನ್ನೇ ಮೂಲ ಅಂದುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಪಿಂಚಣಿ ಕಾಗದ ತಿದ್ದಿಸೋಕೆ ಹೋದರೆ ಈ ಜನ್ಮ ಸಾಲದು.

ಪಾಸ್‌ಪೋರ್ಟ್ ಬೇಕೇ ಬೇಕು ಅಂತೇನಿರಲಿಲ್ಲ. ನೇಪಾಳಕ್ಕೆ ಮತದಾರರ ಚೀಟಿಯೇ ನಡೆಯುತ್ತದೆ. ಆದರೂ ಶ್ರೀಲಂಕಾ ಒಂದು ಮನಸ್ಸಿನಲ್ಲಿತ್ತು. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ 2017ರ ಜನವರಿಯಲ್ಲಿ ಶುರುವಾದದ್ದು ನಮ್ಮ ಮೈಸೂರಿನಲ್ಲೇ, ಹಾಗಾಗಿ ಬೆಂಗಳೂರಿಗೆ ಓಡುವ ಕೆಲಸ ಇಲ್ಲ ಅಂದುಕೊಂಡೆವು. ಅರವತ್ತು ದಾಟಿ ಮೊದಲ ಸಲ ಮಾಡಿಸುವವರಿಗೆ ಶೇ. 10 ರಿಯಾಯಿತಿ, ತಲಾ 1,350 ರೂಪಾಯಿ. ಮದುವೆ ಸರ್ಟಿಫಿಕೇಟ್ ಕೇಳುತ್ತಾರೇನೋ ಎಂದು ಹೆದರಿದ್ದೆ, ಅದು ಬೇಕಿಲ್ಲ. ಜೂನ್ ಮೂರನೇ ವಾರದಲ್ಲಿ ಬೆರಳಚ್ಚು, ಫೋಟೊ ಎಲ್ಲ ಮುಗಿಸಿ ಹೊರಗೆ ಬಂದು ಎಳನೀರು ಕುಡಿದೆವು. ಇಲ್ಲೇ ನಾವು ತಪ್ಪು ಮಾಡಿದ್ದು. ಪೊಲೀಸ್ ಪರಿಶೀಲನೆ ಮುಗಿಯೋ ತನಕ ಕಾಯಬೇಕಿತ್ತು. ಕಾಯದೆ ಜುಲೈ 1ಕ್ಕೆ ಧಾರವಾಡಕ್ಕೆ ಹೊರಟೆವು.

ಧಾರವಾಡ ನಮ್ಮ ತಾಲೀಮು. ಒಂದು ತಿಂಗಳು ಬೇರೆ ಊರಿನಲ್ಲಿ ಇರೋಕಾಗುತ್ತಾ, ಆಗಲ್ವಾ ನೋಡೋಣ, ಭಾಷೆಯಾದರೂ ನಮ್ಮದೇ ಇರಲಿ ಎಂದು. ಹರಿಹರದಲ್ಲಿ ತುಂಗಭದ್ರೆ ಬರುತ್ತದೆ, ಎದ್ದು ನೋಡಬೇಕು ಅಂದುಕೊಂಡಿದ್ದೆ. ರಾತ್ರಿ ರೈಲು, ನಿದ್ದೆಯಲ್ಲೇ ದಾಟಿಬಿಟ್ಟೆ.

ಸಪ್ತಾಪುರದಲ್ಲಿ ಒಂದು ಮನೆಯ ಮೇಲಿನ ಕೋಣೆ, ಬಾಡಿಗೆ ಎಂಟೂವರೆ ಸಾವಿರ. ಏಳು ಬ್ಯಾಗು ತೆಗೆದುಕೊಂಡು ಹೋಗಿದ್ದೆವು. ಎರಡು ಕುಕ್ಕರ್, ಹತ್ತು ಕೆಜಿ ರಾಗಿಹಿಟ್ಟು, ಒರಳುಕಲ್ಲೊಂದು ಬಿಟ್ಟು ಮಿಕ್ಕಿದ್ದೆಲ್ಲ. ನಾಲ್ಕನೇ ದಿನ ಮೂರು ಬ್ಯಾಗು ವಾಪಸ್ ಕಳಿಸಿದೆವು. ಮನೆ ಓನರಮ್ಮ ದಿನಾ ಸಂಜೆ ಮೇಲೆ ಬಂದು ನಮ್ಮ ಹಿಟ್ಟಿನ ಮುದ್ದೆ ನೋಡಿಕೊಂಡು ಹೋಗೋರು. ‘ಅಕ್ಕಾರ, ನಿಮ್ಮ ಯಜಮಾನ್ರು ರೊಟ್ಟಿ ಉಣ್ಣಂಗಿಲ್ಲೇನ್ರಿ? ಅಗಿಯೂದ ಇಲ್ಲಲ್ರಿ ಇದು, ಹೆಂಗ ನುಂಗ್ತೀರಿ!’ ಅಂತ. ಜಿಟಿಜಿಟಿ ಮಳೆ ಎರಡು ವಾರ ನಿಲ್ಲಲೇ ಇಲ್ಲ.

ಹನ್ನೊಂದನೇ ದಿನ ನಾವಿಬ್ಬರೂ ಜೋರಾಗಿ ಜಗಳ ಆಡಿದೆವು. ಕಾರಣ ಟವೆಲ್. ಒದ್ದೆ ಟವೆಲ್ಲನ್ನು ನನ್ನ ಹಾಸಿಗೆಯ ಮೇಲೆ ಹಾಕಿದ್ದರು. ಜಗಳ ಟವೆಲ್ಲಿನಿಂದ ಶುರುವಾಗಿ 1994ರವರೆಗೆ ಹೋಯಿತು. ಆಮೇಲೆ ಕೂತು ಯೋಚಿಸಿದರೆ, ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ನಾವು ಒಂದೇ ಕೋಣೆಯಲ್ಲಿ ಇಡೀ ದಿನ ಇದ್ದದ್ದೇ ಇಲ್ಲ. ಇವರಿಗೆ ಶಿಫ್ಟು, ನನಗೆ ರೈಲು. ಎದುರಾಗುತ್ತಿದ್ದದ್ದು ರಾತ್ರಿ ಊಟಕ್ಕೆ. ಅವತ್ತಿನಿಂದ ಬೆಳಗ್ಗೆ ಹತ್ತರಿಂದ ಒಂದರ ತನಕ ಯಾರ ದಾರಿ ಯಾರಿಗೋ ಎಂದು ಮಾಡಿಕೊಂಡೆವು. ನಾನು ಕೆಲಗೇರಿ ಕೆರೆ, ಗ್ರಂಥಾಲಯ ಎಂದು ಹೋಗುತ್ತಿದ್ದೆ. ಇವರು ಲೈನ್ ಬಜಾರಿನ ಕಡೆ. ಲೈನ್ ಬಜಾರಿನಲ್ಲಿ ಏನು ಕೆಲಸ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಗಂಡ ಹೆಂಡತಿ ಇಬ್ಬರೇ ಹೊರಡುವವರು ದೊಡ್ಡ ಪ್ರವಾಸಕ್ಕೆ ಮುಂಚೆ ಒಂದು ತಿಂಗಳು ಹೀಗೆ ಇದ್ದು ನೋಡಿ, ಜಗಳ ಹತ್ತಿರದ ಊರಿನಲ್ಲೇ ಆಗಿಹೋಗಲಿ.

ತಿಂಗಳ ಖರ್ಚು: ಬಾಡಿಗೆ 8,500, ದಿನಸಿ ತರಕಾರಿ 7,200, ಖಾನಾವಳಿ ಹೋಟೆಲ್ 4,100, ಬಸ್ಸು ಆಟೊ 2,300, ಔಷಧಿ 1,900, ಚಿಲ್ಲರೆ 1,600. ಒಟ್ಟು 25,600. ಸರ್ಕಾರಿ ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆಯ ಫ್ರೀ ಟಿಕೆಟ್, ಇವರಿಗೆ ಹಿರಿಯ ನಾಗರಿಕರ ಶೇ. 25 ರಿಯಾಯಿತಿ. ರಾಜ್ಯದ ಗಡಿ ದಾಟಿದ ಮೇಲೆ ಇವೆರಡೂ ಇಲ್ಲ ಅನ್ನೋದನ್ನು ಲೆಕ್ಕ ಹಾಕುವಾಗ ಮರೆಯಬೇಡಿ.

ಧಾರವಾಡದಲ್ಲಿದ್ದಾಗಲೇ ಪಕ್ಕದ ಮನೆಯವರ ಫೋನು. ಪೊಲೀಸಿನವರು ಬಂದಿದ್ದರಂತೆ. ಪಾಪ, ಅವರು ಇದ್ದದ್ದು ಇದ್ದ ಹಾಗೆ ಹೇಳಿದ್ದಾರೆ: ‘ಅವರು ಊರೂರು ತಿರುಗೋಕೆ ಹೋಗಿದ್ದಾರೆ, ಮನೆ ಬಾಡಿಗೆಗೆ ಕೊಡ್ತಾರಂತೆ.’ ವರದಿ ಹೋಯಿತು: ವಿಳಾಸದಲ್ಲಿ ವಾಸವಿಲ್ಲ. ಆಗಸ್ಟಿನಲ್ಲಿ ಇಬ್ಬರಿಗೂ ಕಾಗದ ಬಂತು. ಬೆಂಗಳೂರಿಗೆ ಓಡುವ ಕೆಲಸ ಇಲ್ಲ ಅಂದುಕೊಂಡಿದ್ದೆವಲ್ಲ, ಎರಡು ಸಲ ಓಡಿದೆವು. ಕಂದಾಯದ ರಸೀದಿ, ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಮನೆಯ ಖಾತಾ ನಕಲು ಎಲ್ಲ ಕೊಟ್ಟು, ಮತ್ತೆ ಪರಿಶೀಲನೆಗೆ ಕಳಿಸಿ ಎಂದು ಬರೆದುಕೊಟ್ಟೆವು. ಕೌಂಟರಿನ ಹುಡುಗ ‘ನೀವು ಅಲ್ಲೇ ವಾಸ ಇದೀರಾ ತಾನೆ?’ ಅಂತ ಕೇಳಿದ. ಇವರು ‘ಇದೀವಿ, ಇದೀವಿ’ ಅಂದರು. ನಾನು ಸುಮ್ಮನಿದ್ದೆ. ಆ ಮೂರು ವಾರ ಮನೆಯಿಂದ ತರಕಾರಿಗೂ ಇಬ್ಬರೂ ಒಟ್ಟಿಗೆ ಹೊರಗೆ ಹೋಗಲಿಲ್ಲ. ಪಾಸ್‌ಪೋರ್ಟ್ ಕೈಗೆ ಬಂದದ್ದು ಸೆಪ್ಟೆಂಬರ್ ಕೊನೆಗೆ.

ಅದರ ಮಧ್ಯೆ ಆರೋಗ್ಯ ವಿಮೆ. ಇವರಿಗೆ ಸಕ್ಕರೆ ಕಾಯಿಲೆ, ಹನ್ನೆರಡು ವರ್ಷದಿಂದ. ಮೊದಲಾದರೆ 65 ದಾಟಿದವರಿಗೆ ಹೊಸ ಪಾಲಿಸಿ ಕಷ್ಟವಿತ್ತು, 2024ರ ಏಪ್ರಿಲ್‌ನಿಂದ ಆ ವಯಸ್ಸಿನ ಮಿತಿ ತೆಗೆದಿದ್ದಾರೆ. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಅವಧಿಯೂ ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿದಿದೆ. ಹಾಗಂತ ಕೈಬೀಸಿ ಕರೆದು ಕೊಡೋದಿಲ್ಲ. ಒಂದು ಕಂಪನಿ ಬೇಡ ಅಂತು, ಇನ್ನೊಂದು ರಕ್ತ ಪರೀಕ್ಷೆಗೆ ಕಳಿಸಿತು. ಮೂರು ತಿಂಗಳ ಸರಾಸರಿ ಸಕ್ಕರೆ 8.2! ಮನೆಯಲ್ಲಿ 7ರ ಮೇಲೆ ಹೋಗಿರಲೇ ಇಲ್ಲ. ಡಾಕ್ಟರು ‘ಏನು ತಿಂದ್ರಿ?’ ಅಂದರೆ ಇವರು ಗೋಡೆ ನೋಡುತ್ತಾರೆ. ಆಗ ಗೊತ್ತಾಯಿತು ಲೈನ್ ಬಜಾರಿನ ವಿಷಯ. ದಿನಾ ಎರಡು ಪೇಢೆ, ಒಂದು ತಿಂಗಳು.

ಆ ಪೇಢೆಗಳ ದೆಸೆಯಿಂದ ಪ್ರೀಮಿಯಂ ಮೇಲೆ ಇನ್ನಷ್ಟು ಬಿತ್ತು. ಹತ್ತು ಲಕ್ಷದ ಪಾಲಿಸಿಗೆ ಇಬ್ಬರಿಗೂ ಸೇರಿ 54,000, ಮೇಲೆ ಶೇ. 18 ಜಿಎಸ್‌ಟಿ 9,720. ಆಗಸ್ಟ್ 12ಕ್ಕೆ ಕಟ್ಟಿದೆವು. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೇ ಇಲ್ಲ ಎಂದಾಯಿತು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂಬತ್ತು ಸಾವಿರದ ಏಳುನೂರ ಇಪ್ಪತ್ತು ರೂಪಾಯಿ, ಧಾರವಾಡದ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು.

ತಿರುಗಾಡುವವರು ಪಾಲಿಸಿಯಲ್ಲಿ ಒಂದು ಮುಖ್ಯ ವಿಷಯ ನೋಡಬೇಕು. ಕೆಲವು ಪಾಲಿಸಿಗಳಿಗೆ ಊರಿನ ಮೇಲೆ ವಲಯ ಇರುತ್ತದೆ. ಮೈಸೂರಿನ ದರದಲ್ಲಿ ಪಾಲಿಸಿ ಕೊಂಡು ದೆಹಲಿಯಲ್ಲಿ ಆಸ್ಪತ್ರೆ ಸೇರಿದರೆ ಬಿಲ್ಲಿನ ಒಂದು ಪಾಲು ನಾವೇ ಕಟ್ಟಬೇಕಾಗಬಹುದು. ಏಜೆಂಟ್ ಇದನ್ನು ತಾನಾಗಿ ಹೇಳಲಿಲ್ಲ, ನಾನು ಸಣ್ಣಕ್ಷರ ಓದಿ ಕೇಳಿದಾಗ ‘ಹೌದು ಮೇಡಂ’ ಅಂದರು. ಪಾಲಿಸಿ ಕೈಸೇರಿ 30 ದಿನದೊಳಗೆ ಬೇಡವೆಂದು ವಾಪಸ್ ಮಾಡಬಹುದು, ಆ ದಿನಗಳಲ್ಲಿ ಪೂರಾ ಓದಿಬಿಡಿ. ಮಾತ್ರೆಗಳ ಚೀಟಿಯನ್ನು ಡಾಕ್ಟರ ಹತ್ತಿರ ಕಂಪನಿಯ ಹೆಸರಿನ ಬದಲು ಔಷಧಿಯ ಹೆಸರಿನಲ್ಲೇ ಬರೆಸಿಕೊಂಡಿದ್ದೇವೆ, ಯಾವ ಊರಿನ ಜನೌಷಧಿ ಕೇಂದ್ರದಲ್ಲಾದರೂ ಕೊಡುತ್ತಾರೆ.

ಮನೆಯ ವಿಷಯದಲ್ಲಿ ಇವರದು ಲೀಸ್ ವಾದ. ಹನ್ನೆರಡು ಲಕ್ಷಕ್ಕೆ ಲೀಸಿಗೆ ಕೊಟ್ಟು, ದುಡ್ಡು ಬ್ಯಾಂಕಿಗೆ ಹಾಕಿ ಕೈತೊಳೆದುಕೊಳ್ಳೋಣ ಎಂದು. ಪಾಸ್‌ಪೋರ್ಟಿನ ಕಾಗದ ಬಂದ ಮೇಲೆ ನಾನು ಹಟ ಹಿಡಿದೆ: ಮನೆ ಪೂರಾ ಬಿಡೋದು ಬೇಡ. ಮುಂದಿನ ಹತ್ತು ವರ್ಷ ಯಾರಾದರೂ ಬಂದು ‘ಇಲ್ಲಿ ವಾಸ ಇದಾರಾ’ ಅಂತ ಕೇಳಿದರೆ ‘ಹೌದು, ಆ ರೂಮು ಅವರದು’ ಅನ್ನೋ ಹಾಗಿರಬೇಕು. ಈಶಾನ್ಯದ ಸಣ್ಣ ಕೋಣೆಯನ್ನು ನಾವು ಇಟ್ಟುಕೊಂಡೆವು. ಅದರಲ್ಲಿ ದೇವರ ಪೆಟ್ಟಿಗೆ, ಬೀರು, ಮಗಳ ಮದುವೆಯ ಆಲ್ಬಮ್ಮು, ಇವರ ಸ್ಪ್ಯಾನರ್ ಸೆಟ್ಟು.

ಬೀಗ ಹಾಕಿದ ಕೋಣೆ ಇರುವ ಮನೆಗೆ ಬಾಡಿಗೆದಾರರು ಸಿಗೋದು ಸುಲಭವಲ್ಲ. ಮೂರು ಸಂಸಾರ ಬಂದು ನೋಡಿ ‘ಒಳಗೇನಿದೆ?’ ಎಂದು ಕೇಳಿ ಹೋದರು. ಒಬ್ಬ ಅಜ್ಜಿಯಂತೂ ಬಾಗಿಲಿಗೆ ಕಿವಿಯಿಟ್ಟು ಕೇಳಿಸಿಕೊಂಡಳು. ಹದಿನಾರು ಸಾವಿರ ಅಂದುಕೊಂಡಿದ್ದ ಬಾಡಿಗೆಯನ್ನು ಹದಿನಾಲ್ಕಕ್ಕೆ ಇಳಿಸಿದ ಮೇಲೆ ಹೊಸದಾಗಿ ಮದುವೆಯಾದ ಜೋಡಿಯೊಂದು ಒಪ್ಪಿತು. ಹನ್ನೊಂದು ತಿಂಗಳ ಕರಾರು, ಒಂದು ಲಕ್ಷ ಅಡ್ವಾನ್ಸ್. ಕರೆಂಟಿನ ಗೃಹಜ್ಯೋತಿ ನಮ್ಮ ಆಧಾರಿಗೆ ಜೋಡಣೆಯಾಗಿತ್ತು, ಅದನ್ನು ಡಿಲಿಂಕ್ ಮಾಡಿಸಿದರೇ ಬಾಡಿಗೆದಾರರು ತಮ್ಮ ಹೆಸರಿಗೆ ಹಾಕಿಸಿಕೊಳ್ಳಬಹುದು. ಸಿಲಿಂಡರ್, ರೆಗ್ಯುಲೇಟರ್ ಗ್ಯಾಸ್ ಏಜೆನ್ಸಿಗೆ ಒಪ್ಪಿಸಿ ರಸೀದಿ ತಗೊಂಡೆವು. ಕಂದಾಯ ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ, ಅದನ್ನು ಇನ್ನು ಮೇಲೆ ಮೊಬೈಲಿನಲ್ಲೇ ಕಟ್ಟಬೇಕು. ಉಯಿಲನ್ನೂ ಬರೆದು ನೋಂದಣಿ ಮಾಡಿಸಿದೆವು. ಕಾನೂನಿಗೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳಿದ್ದರೆ ಸಾಕು. ಆದರೂ ಮಗಳಿಗೆ ಮುಂದೆ ಅಲೆದಾಟ ಬೇಡ ಎಂದು. ಸಹಿ ಹಾಕುವಾಗ ಇವರ ಕೈ ಸ್ವಲ್ಪ ನಡುಗಿತು. ‘ಪೆನ್ನು ಸರಿ ಇಲ್ಲ’ ಅಂದರು.

ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ, ಪಿಂಚಣಿದಾರರು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಕೊಡಬೇಕಾದದ್ದು. ದೂರದ ಊರಿನಿಂದ ಮುಂದಿನ ವರ್ಷ ಇದನ್ನು ಮಾಡಬೇಕಲ್ಲ, ಈ ಸಲ ನಾವೇ ಮೊಬೈಲಿನಲ್ಲಿ ಕಲಿಯೋಣ ಎಂದು ಕೂತೆವು. ಬೆರಳಚ್ಚು ಇವರಿಗೆ ಬರೋದೇ ಇಲ್ಲ. ಗ್ರೀಸು, ಡೀಸೆಲ್ಲು, ಸ್ಪ್ಯಾನರು ಸೇರಿ ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಆದರೆ ಜೀವನ್ ಪ್ರಮಾಣ್‌ನಲ್ಲಿ ಈಗ ಮುಖ ತೋರಿಸಿಯೂ ಮಾಡಬಹುದು, ಅದಕ್ಕೆ ಆಧಾರಿನ ಫೇಸ್ ಆರ್‌ಡಿ ಆ್ಯಪ್ ಬೇಕು. ಹಾಲಿನಲ್ಲಿ ಬೆಳಕು ಸಾಲದು ಅಂತು. ತುಳಸಿಕಟ್ಟೆಯ ಹತ್ತಿರ ನಿಲ್ಲಿಸಿದೆ, ಹಿಂದೆ ಒಣಗಿಸಿದ್ದ ಬಟ್ಟೆ ಬಂತು. ಬಿಳಿ ಗೋಡೆಗೆ ಒರಗಿಸಿದೆ. ಕಣ್ಣು ಮಿಟುಕಿಸಿ ಅಂತ ಪರದೆ ಮೇಲೆ ಬಂದರೆ ಇವರು ಒಂದೇ ಕಣ್ಣು ಹೊಡೆದರು. ‘ರೀ, ಎರಡೂ!’ ಅಂದೆ. ಐದನೇ ಸಲಕ್ಕೆ ಹಸಿರು ಗೆರೆ ಬಂತು. ‘ಬದುಕಿದೀನಿ ಅಂತ ಸರ್ಕಾರಕ್ಕೆ ಕಣ್ಣು ಹೊಡೆದು ಹೇಳೋ ಕಾಲ ಬಂತಲ್ಲೇ’ ಅಂತ ದಿನವೆಲ್ಲ ನಕ್ಕರು. ಇಪಿಎಸ್‌ನವರು ಇದನ್ನು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಇಬ್ಬರದೂ ಒಟ್ಟಿಗೆ ನೆನಪಿರಲಿ ಎಂದು ನವೆಂಬರಿಗೇ ಇಟ್ಟುಕೊಂಡಿದ್ದೇವೆ. ಮೊಬೈಲ್ ಕೈಹತ್ತದವರಿಗೆ ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುತ್ತಾರೆ. ನಿಮ್ಮ ಪಿಂಚಣಿ ಬರುವ ಬ್ಯಾಂಕಿನಲ್ಲಿ ಇದು ನಡೆಯುತ್ತದೆಯೇ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ಶಿವರಾತ್ರಿಯ ಗದ್ದಲ ಕಳೆಯಲಿ, ಚಳಿಯೂ ಇಳಿಯಲಿ ಎಂದು ಫೆಬ್ರವರಿ ಕೊನೆಗೆ ಕಾಶಿ ಎಂದಾಯಿತು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ, ಹಿಂದೆ 120 ದಿನ ಇತ್ತು. ಬುಕಿಂಗ್ ತೆರೆಯುವ ಹೊತ್ತಿನಲ್ಲಿ ಆಧಾರ್ ದೃಢೀಕರಣವಾದ ಖಾತೆಗಳಿಗಷ್ಟೇ ಅವಕಾಶ. ಡಿಸೆಂಬರಿನ ಚಳಿಯಲ್ಲಿ ಬೆಳಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂತರೆ ನನ್ನ ಖಾತೆ ದೃಢೀಕರಣ ಆಗಲೇ ಇಲ್ಲ. ಏಕೆಂದರೆ ಆ ಖಾತೆ ನಾನು ಮಾಡಿಕೊಂಡದ್ದು ಐದು ವರ್ಷದ ಹಿಂದೆ, ‘ಅಮ್ಮ’ ಇಲ್ಲದ ಹೆಸರಿನಲ್ಲಿ! ಒಂದು ಕಡೆ ಉಳಿದೇ ಹೋಗಿತ್ತು. ಇವರ ಖಾತೆಯಿಂದ ಮಾಡಿದೆವು, ಒಂದು ಕೆಳಗಿನ ಬರ್ತು, ಒಂದು ಆರ್‌ಎಸಿ, ಅಂದರೆ ಇಬ್ಬರು ಹಂಚಿಕೊಂಡು ಕೂರುವ ಅರ್ಧ ಬರ್ತು. ಹಿರಿಯರಿಗೆ ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50 ಇದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತದ್ದು ಮತ್ತೆ ಬಂದಿಲ್ಲ. ಪೂರಾ ದುಡ್ಡು.

ಈ ಸಲ ನಾಲ್ಕೇ ಬ್ಯಾಗು. ಹಿಟ್ಟಿನ ಕೋಲು ಬೇಕೇ ಬೇಕು ಎಂದು ಇವರ ಹಟ. ಅತ್ತೆ ಕೊಟ್ಟ ಕೋಲು, ಎರಡಡಿ ಉದ್ದ, ಯಾವ ಬ್ಯಾಗಿಗೂ ಹಿಡಿಸದು. ಹೊರಡುವ ಹಿಂದಿನ ದಿನ ಹಿತ್ತಲಿನಲ್ಲಿ ಕೂತು ಗರಗಸದಲ್ಲಿ ಅರ್ಧಕ್ಕೆ ಕೊಯ್ದು, ಉಪ್ಪುಕಾಗದ ಹಾಕಿ ತುದಿ ಉಜ್ಜಿ, ಎಣ್ಣೆ ಹಚ್ಚಿಟ್ಟರು. ಹಳ್ಳಿಗೆ ಹೇಳಿ ಬರಲು ಹೋದಾಗ ಅದನ್ನು ಅತ್ತೆಗೆ ತೋರಿಸಿದೆ. ಕೈಯಲ್ಲಿ ತಿರುಗಿಸಿ ನೋಡಿ ‘ಇದ್ರಾಗೆ ತೊಳಸ್ದ್ರೆ ಕೈ ಸುಟ್ಕೊಂತೀಯಾ, ಉಸಾರು’ ಅಂದರು. ಮಣ್ಣಿನ ಮಾತು ಎತ್ತಲಿಲ್ಲ.

ಕೀಲಿಯ ಒಂದು ಜೊತೆ ಪಕ್ಕದ ಮನೆಯವರಿಗೆ ಕೊಟ್ಟೆವು, ಯಾರು ಬಂದು ಕೇಳಿದರೂ ಏನು ಹೇಳಬೇಕೆಂದು ಎರಡು ಸಲ ಹೇಳಿಕೊಟ್ಟು. ಮಗಳು ಸ್ಟೇಷನ್ನಿಗೆ ಬರಲಿಲ್ಲ, ವಿಡಿಯೊ ಕಾಲ್ ಮಾಡಿದಳು. ಮೊಮ್ಮಗ ‘ಅಜ್ಜಿ, ರೈಲು ತೋರ್ಸು’ ಅಂದ, ತೋರಿಸಿದೆ.

ರೈಲು ಬಿಟ್ಟಿತು. ನಾಗನಹಳ್ಳಿ ಹೋಯಿತು, ಶ್ರೀರಂಗಪಟ್ಟಣದಲ್ಲಿ ಕಾವೇರಿ, ಪಾಂಡವಪುರದಲ್ಲಿ ಇವರು ಕಿಟಕಿಗೆ ಹಣೆ ಒತ್ತಿ ಅತ್ತಲೇ ನೋಡುತ್ತಿದ್ದರು. ನಾನು ಮನಸ್ಸಿನಲ್ಲಿ ಬ್ಯಾಗುಗಳ ಲೆಕ್ಕ ಹಾಕುತ್ತಿದ್ದೆ. ಯಲಿಯೂರು ದಾಟಿದ್ದಷ್ಟೇ ಗೊತ್ತು. ನೋಡಿದರೆ ನಾನು ಎದ್ದು ನಿಂತಿದ್ದೇನೆ, ಸೀರೆಯ ನೆರಿಗೆ ಸರಿಮಾಡಿಕೊಂಡು, ಕೈಚೀಲ ಹೆಗಲಿಗೇರಿಸಿ, ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೂ ಆಗಿದೆ.

‘ಎಲ್ಲಿಗ್ರೀ ಮೇಡಮ್ಮೋರೆ,’ ಅಂದರು ಇವರು. ‘ನಿಮ್ಮ ಲಾಂಗ್ ಬೆಲ್ ಹೊಡೆದು ಇಪ್ಪತ್ತೊಂದು ತಿಂಗಳಾಯ್ತು.’

ಕೂತುಕೊಂಡೆ. ಮಂಡ್ಯದಲ್ಲಿ ಮದ್ದೂರು ವಡೆಯವನು ಹತ್ತಿದ. ಎರಡು ಪೊಟ್ಟಣ ತಗೊಂಡೆವು.